ಕುಲಾವಿ ತೆಗೆದ ಮೇಲೆ

ಏಪ್ರಿಲ್ 6, 2025, ಭಾನುವಾರ. ಹಿರಿಯೂರು

ರಾಮನವಮಿಯ ಪಾನಕ, ಕೋಸಂಬರಿ ಹಂಚಿ ಬರುವಷ್ಟರಲ್ಲಿ ಪಾಪುವಿನ ಕತ್ತಿನ ಸುತ್ತ ಕೆಂಪಗಾಗಿತ್ತು. ಸಾಸಿವೆಕಾಳಿಗಿಂತ ಸಣ್ಣ ಗುಳ್ಳೆಗಳು ಒತ್ತೊತ್ತಾಗಿ ಎದ್ದಿದ್ದವು, ಬೆನ್ನಿನ ಮೇಲೂ ಅಲ್ಲಲ್ಲಿ. ಮಗಳ ಮುಖ ಬಾಡಿಹೋಗಿತ್ತು. "ಅಮ್ಮಾ, ದಡಾರ ಏನಾದ್ರೂ ಎದ್ದಿದೆಯಾ?"

ಜ್ವರವಿಲ್ಲ, ಹಾಲು ಚೆನ್ನಾಗಿ ಕುಡಿಯುತ್ತಿದೆ. ಇದು ಬೆವರುಸಾಲೆ. ಎಳೆಗೂಸಿನ ಬೆವರಿನ ನಾಳ ಇನ್ನೂ ಬಲಿತಿರುವುದಿಲ್ಲ, ಬೇಗ ಕಟ್ಟಿಕೊಳ್ಳುತ್ತದೆ. ಬೆವರು ಚರ್ಮದೊಳಗೇ ನಿಂತು ಗುಳ್ಳೆಯಾಗುತ್ತದೆ. ಈ ಬಿಸಿಲಿನಲ್ಲಿ ಕೂಸಿನ ತಲೆಗೆ ಕುಲಾವಿ, ಕಾಲಿಗೆ ಕಾಲುಚೀಲ, ಮೇಲೊಂದು ಉಣ್ಣೆಯ ದುಪ್ಪಟಿ. ಸಾಲದ್ದಕ್ಕೆ ಕತ್ತಿನ ಮಡಿಕೆಯಲ್ಲಿ ಬೆಳಗಿನ ಕೊಬ್ಬರಿ ಎಣ್ಣೆ ಹಾಗೇ ಜಿಡ್ಡುಗಟ್ಟಿತ್ತು.

ಅತ್ತೆ ಒಪ್ಪಲಿಲ್ಲ. "ಬಾಣಂತಿ ಮನೆ ಕಣಮ್ಮ, ಗಾಳಿ ಸೋಕಬಾರದು."

"ಅತ್ತೆ, ಮಾಘದಲ್ಲಿ ಹಾಕಿದ ಕುಲಾವಿ ಚೈತ್ರಕ್ಕೂ ಬೇಕಾ? ಕತ್ತಿನ ಹಿಂದೆ ಕೈಯಿಟ್ಟು ನೋಡಿ."

ಕೈಯಿಟ್ಟು ನೋಡಿದರು. ಒದ್ದೆಯಾಗಿತ್ತು. ಕುಲಾವಿಯ ದಾರವನ್ನು ತಾವೇ ಬಿಚ್ಚಿದರು.

ಕಿಟಕಿ ತೆಗೆದೆವು, ಫ್ಯಾನು ನಿಧಾನಕ್ಕೆ ತಿರುಗಲು ಬಿಟ್ಟೆವು. ತೆಳು ಹತ್ತಿಯ ಒಂದೇ ಅಂಗಿ ಹಾಕಿ, ತಣ್ಣೀರಲ್ಲಿ ಹಿಂಡಿದ ಬಟ್ಟೆಯಿಂದ ಕತ್ತು ಒರೆಸಿ, ಮಡಿಕೆಗಳನ್ನು ಒತ್ತಿ ಒಣಗಿಸಿದೆ. ಸದ್ಯಕ್ಕೆ ಕತ್ತು, ಕಂಕುಳಿಗೆ ಎಣ್ಣೆ ಬೇಡ.

ಏಪ್ರಿಲ್ 8

ಗುಳ್ಳೆ ಬಾಡುತ್ತಿವೆ. ನೋಡಲು ಬಂದವರು ಕೊಟ್ಟ ಪೌಡರ್ ಡಬ್ಬಿಗಳು ಸಾಲಾಗಿ ಕೂತಿದ್ದವು, ಎತ್ತಿ ಒಳಗಿಟ್ಟೆ. ಬೆವರಿನ ಜೊತೆ ಸೇರಿ ಪೌಡರ್ ಮಡಿಕೆಯಲ್ಲಿ ಮುದ್ದೆಗಟ್ಟಿ ಇನ್ನಷ್ಟು ಉಜ್ಜುತ್ತದೆ. ಅದಕ್ಕಿಂತ ಭಯ ಉಸಿರಿನದು: ಆ ಹುಡಿ ಕೂಸಿನ ಶ್ವಾಸಕೋಶಕ್ಕೆ ಹೋದರೆ ಉಸಿರಾಟವೇ ಕಷ್ಟವಾಗಬಹುದು.

ಏಪ್ರಿಲ್ 11

ನೀರು ಹಾಕುವ ಅಜ್ಜಿಯ ಕೈ ನೋಡುತ್ತಾ ಬಚ್ಚಲ ಬಾಗಿಲಲ್ಲಿ ನಿಂತುಬಿಟ್ಟೆ. ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಿ, ಮೊಣಕಾಲಿಂದ ಕೆಳಗೆ ಕೂಸನ್ನು ಬೋರಲು ಮಲಗಿಸುತ್ತಾರೆ. ತಲೆಗೆ ನೀರು ಹಾಕುವಾಗ ಎಡಗೈಯನ್ನು ಹಣೆಗೆ ಅಡ್ಡ ಹಿಡಿಯುತ್ತಾರೆ, ಒಂದು ಹನಿಯೂ ಕಣ್ಣಿಗೆ ಇಳಿಯುವುದಿಲ್ಲ. ಇಷ್ಟು ವರ್ಷ ನರ್ಸ್ ಆಗಿದ್ದರೂ ನನ್ನ ಕೈಗೆ ಆ ಹದ ಬಂದಿಲ್ಲ.

ತಕರಾರು ಎರಡೇ. ನೀರಿನ ಬಿಸಿಯನ್ನು ಅವರು ಒಲೆಯ ಶಾಖಕ್ಕೆ ಒಗ್ಗಿದ ಅಂಗೈಯಲ್ಲಿ ನೋಡುತ್ತಾರೆ, ಮೊಣಕೈ ಅದ್ದಿ ನೋಡಿ ಎಂದೆ. ಇನ್ನೊಂದು, ಮೈಮೇಲಿನ ನವಿರು ಕೂದಲು ಉದುರಲೆಂದು ಕಡಲೆಹಿಟ್ಟಿನ ಉಂಡೆಯಿಂದ ಬೆನ್ನು ತಿಕ್ಕುವುದು. ಆ ಕೂದಲು ತಾನಾಗಿ ಉದುರುತ್ತದೆ. ಕೂಸಿನ ಚರ್ಮ ನಮ್ಮದಕ್ಕಿಂತ ತೆಳು. ತಿಕ್ಕಿದ ಕಡೆಯೆಲ್ಲ ಕಣ್ಣಿಗೆ ಕಾಣದ ಗೀರು ಬಿದ್ದು, ರೋಗಾಣುವಿಗೆ ದಾರಿಯಾಗುತ್ತದೆ. ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆಯ್ತು ಬಿಡವ್ವ, ಬರೀ ನೀರೇ ಹಾಕ್ತೀನಿ" ಅಂದರು. ಕೈಕಾಲಿಗೆ ಕೊಬ್ಬರಿ ಎಣ್ಣೆ ನೀವುವುದನ್ನು ಮಾತ್ರ ಬಿಡಬೇಡಿ ಎಂದು ನಾನೇ ಕೇಳಿಕೊಂಡೆ. ಒಣಚರ್ಮಕ್ಕೆ ಅದು ಒಳ್ಳೆಯದೇ, ಅವರ ಕೈಯ ಸುಖ ಬೇರೆ.

ನೆತ್ತಿಯ ಮೇಲಿನ ಹಳದಿ ಹೊಟ್ಟಿಗೂ ಅದೇ ಎಣ್ಣೆ. ಸ್ನಾನಕ್ಕೆ ಸ್ವಲ್ಪ ಮೊದಲು ಹಚ್ಚಿ ನೆನೆಸಿ, ಮೆತ್ತನೆಯ ಬ್ರಶ್ಶಿನಿಂದ ಬಿಡಿಸಿ ತೊಳೆದರೆ ಸಾಕು. ಮಗಳು ಉಗುರಿನಿಂದ ಕೀಳಲು ಹೋಗಿದ್ದಳು, ತಡೆದೆ. ಕೆಲವು ತಿಂಗಳಲ್ಲಿ ತಾನೇ ಹೋಗುವಂಥದ್ದು.

ಏಪ್ರಿಲ್ 15

ಇವತ್ತು ಮನಸ್ಸು ನೆಟ್ಟಗಿಲ್ಲ. ಅತ್ತೆ ಅಟ್ಟದಿಂದ ಟ್ರಂಕು ಇಳಿಸಿ, ನನ್ನ ಮಗಳು ಕೂಸಾಗಿದ್ದಾಗ ಹಾಕಿದ್ದ ಜುಬ್ಬ, ಹಳೇ ಸೀರೆಯ ಮೆತ್ತನೆ ತುಂಡುಗಳನ್ನು ತೆಗೆದರು. ಮುಚ್ಚಳ ಎತ್ತಿದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಆಗಲೇ ಒಂದು ಜುಬ್ಬವನ್ನು ಕೂಸಿನ ಮೈಗೆ ಹಿಡಿದು ಅಳತೆ ನೋಡುತ್ತಿದ್ದರು. ಓಡಿಹೋಗಿ ಕಿತ್ತುಕೊಂಡೆ. ಅವರಿಗೆ ನೋವಾಯಿತು.

ಕೆಲಸದಲ್ಲಿದ್ದಾಗ ನಮ್ಮ ವಾರ್ಡಿಗೆ ಬಂದಿದ್ದ ಒಂದು ಗಂಡುಕೂಸು ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ಮೈಯೆಲ್ಲ ಅರಿಶಿನದಂತೆ ಹಳದಿ, ಮೂತ್ರ ಕಪ್ಪು ಚಹಾದ ಬಣ್ಣ. ಪೆಟ್ಟಿಗೆಯಲ್ಲಿದ್ದ ಬಟ್ಟೆ ಹಾಕಿದ್ದರು. ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್ ಆವಿಯಾಗಿ ಉಸಿರಿನಿಂದಲೂ ಚರ್ಮದಿಂದಲೂ ಒಳಗಿಳಿಯುತ್ತದೆ. ಮೈಗೆ ಎಣ್ಣೆ ಹಚ್ಚಿದ್ದರೆ ಇನ್ನೂ ಸುಲಭ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದು ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ, ಕಾಮಾಲೆ ವಿಪರೀತವಾದರೆ ಮೆದುಳಿಗೇ ಪೆಟ್ಟು. ಈ ಕೊರತೆ ಗಂಡುಮಕ್ಕಳಲ್ಲೇ ಹೆಚ್ಚು, ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ.

ಸಂಜೆ ಅತ್ತೆಯ ಪಕ್ಕ ಕೂತು ಇದನ್ನೆಲ್ಲ ಹೇಳಿದೆ. ಕೇಳಿಸಿಕೊಂಡು, "ಹಂಗಾದ್ರೆ ಕರ್ಪೂರ?" ಎಂದು ಕೇಳಿದರು. ಎಷ್ಟು ಒಳ್ಳೆಯ ಪ್ರಶ್ನೆ! ನೆಗಡಿಗೆಂದು ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕಾಯಿಸಿ ಎದೆಗೆ ಹಚ್ಚುವುದು ನಮ್ಮ ಕಡೆ ಮನೆಮನೆಯಲ್ಲೂ ಇದೆ. ಎಳೆಮಕ್ಕಳಿಗೆ ಕರ್ಪೂರದಿಂದ ಫಿಟ್ಸ್ ಬರಬಹುದು. ಅದೂ ಬೇಡ ಎಂದೆ. ಜುಬ್ಬಗಳನ್ನು ನೆನಪಿಗಿಟ್ಟುಕೊಳ್ಳೋಣ, ಕೂಸಿಗೆ ಈಗ ಉಟ್ಟು ಒಗೆಯುತ್ತಿರುವ ಅವರ ಹತ್ತಿ ಸೀರೆಯನ್ನೇ ಹರಿಯೋಣ ಎಂದು ಮಾತಾಯಿತು.

ಏಪ್ರಿಲ್ 19

ಕುಂಡೆ ಕೆಂಪಾಗಿದೆ. ನಿನ್ನೆ ಮದುವೆಗೆ ಹೋದಾಗ ಡೈಪರ್ ಬಹಳ ಹೊತ್ತು ಇತ್ತು. ಮೂತ್ರ, ಮಲ ಎರಡೂ ಸೇರಿ ನಿಂತರೆ ಮಲದಲ್ಲಿರುವ ಜೀರ್ಣರಸಗಳು ಚುರುಕಾಗಿ ಚರ್ಮವನ್ನೇ ಸುಡುತ್ತವೆ. ಬರೀ ನೀರಲ್ಲಿ ತೊಳೆದು, ಒತ್ತಿ ಒರೆಸಿ, ಬಟ್ಟೆಯೇನೂ ಕಟ್ಟದೆ ಗಾಳಿಗೆ ಮಲಗಿಸಿದೆವು. ಆಮೇಲೆ ಝಿಂಕ್ ಆಕ್ಸೈಡ್ ಮುಲಾಮು ದಪ್ಪಗೆ.

ಏಪ್ರಿಲ್ 22

ಕಡಿಮೆಯಾಗಲಿಲ್ಲ. ತೊಡೆಸಂದಿಯ ಒಳಗೂ ಕಡುಗೆಂಪು, ಅಂಚಿನಾಚೆ ಬಿಡಿಬಿಡಿ ಚುಕ್ಕೆಗಳು. ಇದು ಬೂಷ್ಟು, ಮನೆಮದ್ದಿಗೆ ಬಗ್ಗುವುದಲ್ಲ. ಮಕ್ಕಳ ಡಾಕ್ಟರು ನೋಡಿ ಬೂಷ್ಟಿನ ಮುಲಾಮು ಬರೆದರು. ಅಳಿಯಂದಿರು ಅಷ್ಟರಲ್ಲಿ ಔಷಧಿ ಅಂಗಡಿಯಿಂದ ಇನ್ನೊಂದು ಟ್ಯೂಬು ತಂದಿದ್ದರು, "ಎಲ್ಲದಕ್ಕೂ ಆಗುತ್ತೆ" ಅಂದರಂತೆ. ಅದರಲ್ಲಿ ಬಲವಾದ ಸ್ಟೀರಾಯ್ಡ್ ಇತ್ತು. ಡೈಪರಿನ ಮುಚ್ಚಿಗೆಯಲ್ಲಿ ಅದು ಇನ್ನಷ್ಟು ಒಳಗಿಳಿದು ಚರ್ಮವನ್ನು ತೆಳ್ಳಗಾಗಿಸುತ್ತದೆ. ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಕೈಗೆ ಸಿಗುವುದು ನಿಂತಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೆ.

ಏಪ್ರಿಲ್ 29

ಬೂಷ್ಟು ವಾಸಿಯಾಗುತ್ತಾ ಬಂದಿದೆ, ಡಾಕ್ಟರು ಹೇಳಿದಷ್ಟು ದಿನ ಮುಲಾಮು ಹಚ್ಚಬೇಕು. ಮಗಳು ಬೆಂಗಳೂರಿಗೆ ಹೋದಮೇಲೆ ನೋಡಿಕೊಳ್ಳಲಿ ಎಂದು ಬರೆದುಕೊಟ್ಟೆ: ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ, ಅಂದರೆ 100.4 ಫ್ಯಾರನ್‌ಹೀಟ್ ಜ್ವರ ಬಂದರೆ, ಕೀವುಗುಳ್ಳೆ ಅಥವಾ ನೀರುಗುಳ್ಳೆ ಎದ್ದರೆ, ಒತ್ತಿದರೂ ಮಾಸದ ಕೆಂಪು ಚುಕ್ಕೆ ಕಂಡರೆ, ಹಾಲು ಬಿಟ್ಟು ಮಂಕಾದರೆ, ನನಗೆ ಫೋನ್ ಮಾಡುತ್ತಾ ಕೂರಬೇಡ, ಆಸ್ಪತ್ರೆಗೆ ಹೊರಡು.

ನಾಳೆ ಅಕ್ಷಯ ತದಿಗೆ, ನಾಮಕರಣ. ಬರುವವರೆಲ್ಲ ಕಣ್ಣಿಗೆ ಕಾಡಿಗೆ ಹಚ್ಚಲು ಬರುತ್ತಾರೆ. ಅಂಗಡಿಯ ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸ ಇರುತ್ತದೆ ಎಂದು ಅತ್ತೆಗೆ ಹೇಳಿದ್ದೆ. ದೃಷ್ಟಿಬೊಟ್ಟು ಅಂಗಾಲಿಗೊಂದೇ, ಕಣ್ಣಿಗೆ ಯಾರೂ ಕೈ ಹಚ್ಚಕೂಡದು ಎಂದು ಅವರೇ ತೀರ್ಮಾನ ಮಾಡಿದ್ದಾರೆ. ಬಂದವರಿಗೆ ಹೇಳುವ ಹೊಣೆಯೂ ಅವರದೇ.