ಅನಂತಪುರದ ಸರೋವರವೂ ಒಂದು ಹಳೆಯ ಕಾರ್ಡೂ

ಕುಂಬಳೆಯಿಂದ ಬದಿಯಡ್ಕದ ಮಾರ್ಗ ಹಿಡಿದು, ನಾಯ್ಕಾಪಿನಲ್ಲಿ ತಿರುಗಿ ಮುಂದೆ ಸಾಗಿದರೆ ಅನಂತಪುರ ಸಿಗುತ್ತದೆ. ಮುರಕಲ್ಲಿನ ನೆಲದ ನಡುವೆ ಒಂದು ಸರೋವರ. ಸರೋವರದ ನಡುವೆ ಅನಂತಪದ್ಮನಾಭನ ಗುಡಿ. ತಿರುವನಂತಪುರದ ಪದ್ಮನಾಭಸ್ವಾಮಿಗೆ ಇದೇ ಮೂಲಸ್ಥಾನವೆಂಬುದು ನಮ್ಮ ಸೀಮೆಯ ನಂಬಿಕೆ. ಬಬಿಯ ಎಂಬ ಮೊಸಳೆಯೊಂದು ಇಲ್ಲಿ ಹಲವು ದಶಕಗಳ ಕಾಲ ನೈವೇದ್ಯದ ಅನ್ನವುಂಡು ಬಾಳಿತ್ತು. 2022ರ ಅಕ್ಟೋಬರಿನಲ್ಲಿ ಅದು ತೀರಿಕೊಂಡಾಗ ಜನ ಗುಂಪುಗುಂಪಾಗಿ ಬಂದು ಅಂತಿಮ ದರ್ಶನ ಪಡೆದರು. 2023ರಲ್ಲಿ ಇನ್ನೊಂದು ಮೊಸಳೆ ಅಲ್ಲಿ ಕಾಣಿಸಿಕೊಂಡಿತು.

ಏಳನೆಯ ತರಗತಿಯ ಮಕ್ಕಳೊಡನೆ ನಾವು ಅಲ್ಲಿಗೆ ಹೋಗಿದ್ದಾಗ, “ಬಬಿಯ ಹೇಗಿತ್ತು, ಮಾಷ್ಟ್ರೇ?” ಎಂದು ಹುಡುಗಿಯೊಬ್ಬಳು ಕೇಳಿದಳು. ಅದರ ಚಿತ್ರಗಳು ನಮ್ಮ ಶಾಲೆಯ ಕಪಾಟಿನಲ್ಲಿಯೇ ಇದ್ದವು. 2006ರ ಪ್ರವಾಸದಲ್ಲಿ ಡಿಜಿಟಲ್ ಕ್ಯಾಮರಾದಿಂದ ತೆಗೆದ ಚಿತ್ರಗಳವು. ಅಂದು ಮಕ್ಕಳನ್ನು ಕರೆದೊಯ್ದಿದ್ದ ಹಿರಿಯ ಕನ್ನಡ ಪಂಡಿತರು ಈಗ ನಮ್ಮೊಡನಿಲ್ಲ; ಅವರ ಚಿತ್ರವೂ ಅದರಲ್ಲಿಯೇ ಇತ್ತು. ಆದರೆ ಅದು ಎಕ್ಸ್‌ಡಿ ಎಂಬ ಬಗೆಯ ಕಾರ್ಡು. ಕ್ಯಾಮರಾ ಕೆಟ್ಟು ವರ್ಷಗಳಾಗಿವೆ. ಶಾಲೆಯ ಗಣಕಯಂತ್ರದಲ್ಲಿ ಆ ಕಾರ್ಡು ಕೂರುವ ಕಿಂಡಿಯೇ ಇಲ್ಲ.

ಈ ಕಾರ್ಡುಗಳ ವಂಶಾವಳಿ ಸೋಜಿಗದ್ದು. 1994ರಲ್ಲಿ ಕಾಂಪ್ಯಾಕ್ಟ್ ಫ್ಲಾಶ್, 1995ರಲ್ಲಿ ಸ್ಮಾರ್ಟ್ ಮೀಡಿಯಾ, 1998ರಲ್ಲಿ ಮೆಮೊರಿ ಸ್ಟಿಕ್, 1999ರಲ್ಲಿ ಎಸ್‌ಡಿ, 2002ರಲ್ಲಿ ಎಕ್ಸ್‌ಡಿ ಹುಟ್ಟಿದವು. ಎಂಟು ವರ್ಷಗಳಲ್ಲಿ ಐದು ಬಗೆ. ಒಂದರ ಕಿಂಡಿಯಲ್ಲಿ ಇನ್ನೊಂದು ಕೂರದು. ಸ್ಮಾರ್ಟ್ ಮೀಡಿಯಾ 128 ಮೆಗಾಬೈಟಿಗೂ ಎಕ್ಸ್‌ಡಿ 2 ಗಿಗಾಬೈಟಿಗೂ ನಿಂತುಹೋದವು. ಗೆದ್ದ ಎಸ್‌ಡಿಯಲ್ಲಿಯೂ 2006ರಲ್ಲಿ ಎಸ್‌ಡಿಎಚ್‌ಸಿ, 2009ರಲ್ಲಿ ಎಸ್‌ಡಿಎಕ್ಸ್‌ಸಿ ಎಂಬ ಒಳಭೇದಗಳು ಬಂದವು. ಈ ಕುಲದಲ್ಲಿ ಹೊಸ ಯಂತ್ರ ಹಳೆಯ ಕಾರ್ಡನ್ನು ಓದಬಲ್ಲದು. ಹಳೆಯ ಯಂತ್ರಕ್ಕೆ ಹೊಸ ಕಾರ್ಡು ತಿಳಿಯದು.

ಕೊನೆಗೆ ಕಾಸರಗೋಡಿನ ಹಳೆಯ ಸ್ಟುಡಿಯೋ ಒಂದರಲ್ಲಿ ಹಲವು ಕಿಂಡಿಗಳ ಕಾರ್ಡ್ ರೀಡರ್ ದೊರೆಯಿತು. 62 ಚಿತ್ರಗಳಲ್ಲಿ 53 ತೆರೆದುಕೊಂಡವು. ಕಲ್ಲಿನ ಮೇಲೆ ಬಿಸಿಲು ಕಾಯುತ್ತ ಮಲಗಿದ ಬಬಿಯ ಸಿಕ್ಕಿತು. ಮಕ್ಕಳ ನಡುವೆ ಕೊಡೆ ಹಿಡಿದು ನಿಂತ ಪಂಡಿತರೂ ಸಿಕ್ಕಿದರು. ಉಳಿದ ಒಂಬತ್ತು ತೆರೆಯಲೇ ಇಲ್ಲ. ಇಂಥ ಕಾರ್ಡು ಚಿತ್ರವನ್ನು ವಿದ್ಯುದಂಶದ ರೂಪದಲ್ಲಿ ಹಿಡಿದಿಡುತ್ತದೆ. ಕಾಲ ಕಳೆದಂತೆ ಆ ಅಂಶ ಸೋರಿಹೋಗುವುದುಂಟು. ಆದುದರಿಂದ ಕಿಂಡಿ ಕಾಣೆಯಾಗುವ ಭಯವೊಂದೇ ಅಲ್ಲ, ಕಾರ್ಡೇ ಮರೆಯುವ ಭಯವೂ ಇದೆ.

ಈ ಭಯಕ್ಕೆ ಮದ್ದು ನಮ್ಮ ಹಿರಿಯರಿಗೆ ಗೊತ್ತಿತ್ತು. ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗಗಳು, ತಾಳೆಗರಿ ಜೀರ್ಣವಾಗುವ ಮೊದಲೇ ಅವನ್ನು ಪ್ರತಿಮಾಡಿದವರ ಕೈಗಳಿಂದ, ಹಾಡಿದ ಭಾಗವತರ ಕಂಠಗಳಿಂದ ನಮ್ಮವರೆಗೆ ಬಂದಿವೆ. ಯಾವ ಗರಿಯೂ ಶಾಶ್ವತವೆಂದು ಅವರು ನಂಬಿರಲಿಲ್ಲ.

ನಮ್ಮ ಮನೆಗಳ ಮೇಜಿನ ಸೆಳೆಖಾನೆಗಳಲ್ಲಿ ಮದುವೆ, ಉಪನಯನ, ಗೃಹಪ್ರವೇಶಗಳ ಎಷ್ಟೋ ಕಾರ್ಡುಗಳು ಮಲಗಿವೆ. ಓದುವ ಯಂತ್ರ ಸಿಗುವಾಗಲೇ ಅವನ್ನು ಎರಡು ಕಡೆ ಪ್ರತಿಮಾಡಿಡುವುದು, ನಾಲ್ಕೈದು ವರ್ಷಕ್ಕೊಮ್ಮೆ ಹೊಸದಕ್ಕೆ ವರ್ಗಾಯಿಸುವುದು, ಅತಿ ಬೇಕಾದ ಹತ್ತನ್ನು ಕಾಗದದ ಮೇಲೆ ಅಚ್ಚು ಹಾಕಿಸುವುದು ಲೇಸು. ಚಿತ್ರದ ಹಿಂದೆ ಹೆಸರು, ಊರು, ವರ್ಷಗಳನ್ನು ಕನ್ನಡದಲ್ಲಿ ಬರೆದಿಡಿರೆಂದು ಓದುಗ ಬಂಧುಗಳಲ್ಲಿ ನಮ್ಮ ಅರಿಕೆ.