ಹೊಲಿಗೆ ಯಂತ್ರ ಮತ್ತು ಹಿಂದಿ ಪುಸ್ತಕ

ಕಳೆದ ವಾರ ಬೆಂಗಳೂರಿನಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಮಾತನಾಡಿದಳು. ತೊಂಬತ್ತರ ದಶಕದಲ್ಲಿ ನಮ್ಮ ಪ್ರೌಢಶಾಲೆಯಲ್ಲಿ ಓದಿದವಳು. ಈಗ ಅವಳ ಮಗಳೇ ಎಂಟನೆಯ ತರಗತಿ ಮುಗಿಸುತ್ತಿದ್ದಾಳೆ. ಮಗಳು ಓದುತ್ತಿರುವುದು ಸಿ.ಬಿ.ಎಸ್.ಇ. ಶಾಲೆಯಲ್ಲಿ. ಒಂಬತ್ತನೆಯ ತರಗತಿಗೆ ಆರನೆಯ ವಿಷಯವಾಗಿ ಕೃತಕ ಬುದ್ಧಿಮತ್ತೆಯನ್ನು ತೆಗೆದುಕೊಳ್ಳುತ್ತೀರೋ, ಇದುವರೆಗೆ ಓದಿದ ಸಂಸ್ಕೃತವನ್ನೇ ಮುಂದುವರಿಸುತ್ತೀರೋ, ಹತ್ತು ದಿನಗಳೊಳಗೆ ತಿಳಿಸಿ ಎಂದು ಶಾಲೆಯವರು ಚೀಟಿ ಕಳುಹಿಸಿದ್ದಾರಂತೆ. ಕಂಪ್ಯೂಟರ್ ಕೆಲಸದಲ್ಲಿರುವ ಗಂಡನಿಗೆ ಇದರಲ್ಲಿ ಯೋಚಿಸುವುದೇನೂ ಕಾಣುತ್ತಿಲ್ಲ. ಅತ್ತೆಯವರಿಗೆ ಸಂಸ್ಕೃತ ಬಿಡುವುದು ಇಷ್ಟವಿಲ್ಲ. ಮಧ್ಯದಲ್ಲಿ ಸಿಕ್ಕಿಕೊಂಡ ಇವಳು, "ಸರ್, ನೀವು ಮೂವತ್ತೈದು ವರ್ಷ ಪಾಠ ಹೇಳಿದವರು. ಒಂದೇ ಮಾತಿನಲ್ಲಿ ಹೇಳಿಬಿಡಿ, ಯಾವುದು ಸರಿ?" ಎಂದಳು.

ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ಗೊತ್ತಿರುವಂತೆ, ಒಂದೇ ಮಾತಿನಲ್ಲಿ ಹೇಳುವುದು ನನಗೆ ಬಾರದ ವಿದ್ಯೆ. ಎರಡು ದಿನ ಕಾಲಾವಕಾಶ ಕೇಳಿ ಫೋನ್ ಇಟ್ಟೆ. ವಾರವಾಯಿತು. ಇನ್ನೂ ಉತ್ತರ ಕೊಟ್ಟಿಲ್ಲ.

ಇಂಥದೇ ಆಯ್ಕೆಯೊಂದು ನಮ್ಮ ಮನೆಗೆ ಮೊದಲು ಬಂದದ್ದು 1966ರಲ್ಲಿ. ಆಗ ನನಗೆ ಏಳು ವರ್ಷ, ಅಕ್ಕನಿಗೆ ಹದಿಮೂರು. ಶಿವಮೊಗ್ಗ ಜಿಲ್ಲೆಯ ನಮ್ಮ ಊರಿನಿಂದ ಮೂರು ಮೈಲಿ ನಡೆದು ಪ್ರೌಢಶಾಲೆಗೆ ಹೋಗಬೇಕಾಗಿತ್ತು. ಅದಕ್ಕೂ ಎರಡು ವರ್ಷ ಮೊದಲು ಊರಿಗೆ ಒಬ್ಬ ಹಿಂದಿ ಪ್ರಚಾರಕರು ಬಂದಿದ್ದರು. ದೇವಸ್ಥಾನದ ಜಗಲಿಯಲ್ಲಿ ಸಂಜೆ ಹೊತ್ತು ಲಾಂದ್ರದ ಬೆಳಕಿನಲ್ಲಿ ಪಾಠ, ಶುಲ್ಕವಿಲ್ಲ. ಅಲ್ಲಿ ಕಲಿತು ದಕ್ಷಿಣ ಭಾರತ ಹಿಂದೀ ಪ್ರಚಾರ ಸಭೆಯ 'ಪ್ರಾಥಮಿಕ' ಪರೀಕ್ಷೆಗೆ ಕುಳಿತ ಆರು ಮಕ್ಕಳಲ್ಲಿ ಅಕ್ಕನೂ ಒಬ್ಬಳು. ತೇರ್ಗಡೆಯಾದಳು. ಆ ಪ್ರಮಾಣಪತ್ರವನ್ನು ಅಪ್ಪಯ್ಯ ಗೋಡೆಗೆ ತೂಗುಹಾಕಲಿಲ್ಲ ನಿಜ, ಆದರೆ ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು. 'ಮಧ್ಯಮಾ', 'ರಾಷ್ಟ್ರಭಾಷಾ', 'ಪ್ರವೇಶಿಕಾ', 'ವಿಶಾರದ', 'ಪ್ರವೀಣ' ಎಂದು ಮುಂದಿನ ಪರೀಕ್ಷೆಗಳ ಹೆಸರುಗಳನ್ನು ಅಕ್ಕ ಜಪದಂತೆ ಹೇಳುತ್ತಿದ್ದುದು ನನಗೆ ಇಂದಿಗೂ ಕೇಳಿಸುತ್ತದೆ.

ಎಂಟನೆಯ ತರಗತಿಗೆ ಸೇರಿಸಲು ಹೋದಾಗ ಗೊತ್ತಾಯಿತು, ಆ ಶಾಲೆಯ ವೇಳಾಪಟ್ಟಿಯಲ್ಲಿ ಹುಡುಗಿಯರ ಹೊಲಿಗೆ ತರಗತಿಯೂ ಹಿಂದಿ ತರಗತಿಯೂ ಒಂದೇ ಅವಧಿಗೆ ಇವೆಯೆಂದು. ಎರಡರಲ್ಲಿ ಒಂದನ್ನು ಬರೆಸಬೇಕು. ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದ ಅಪ್ಪಯ್ಯ ಲೆಕ್ಕದ ಮನುಷ್ಯ. "ಹೆಣ್ಮಗುವಿಗೆ ಹಿಂದಿ ಕಲಿಸಿ ದೆಹಲಿಗೆ ಕಳಿಸುವುದಿದೆಯೇ? ಹೊಲಿಗೆಯಾದರೆ ಎಲ್ಲಿಗೆ ಕೊಟ್ಟರೂ ಕೈ ಹಿಡಿಯುತ್ತದೆ" ಎಂದು ಮುಖ್ಯೋಪಾಧ್ಯಾಯರ ಎದುರೇ ತೀರ್ಮಾನಿಸಿದರು. ಅಕ್ಕ ಅಲ್ಲಿಯೇ ಬಾಗಿಲ ಬಳಿ ನಿಂತಿದ್ದಳಂತೆ. ಅವಳನ್ನು ಯಾರೂ ಕೇಳಲಿಲ್ಲ. ಅಪ್ಪಯ್ಯ ಕೆಟ್ಟವರಾಗಿರಲಿಲ್ಲ. ಹದಿಮೂರರ ಹುಡುಗಿಗೆ ಒಂದು ಅಭಿಪ್ರಾಯ ಇದ್ದೀತೆಂಬುದು ಅವರಿಗೆ ಹೊಳೆಯಲೇ ಇಲ್ಲ, ಅಷ್ಟೆ.

ಅಕ್ಕ ಅಳಲೂ ಇಲ್ಲ, ಜಗಳವಾಡಲೂ ಇಲ್ಲ. ತನ್ನ ಹಿಂದಿ ಪುಸ್ತಕಕ್ಕೆ ಹೊಸದಾಗಿ ಖಾಕಿ ಕಾಗದದ ಹೊದಿಕೆ ಹಾಕಿ ನನ್ನ ಕೈಗೆ ಕೊಟ್ಟಳು. ನಾನು ದೇವನಾಗರಿ ಅಕ್ಷರಗಳನ್ನು ತಿದ್ದಿದ್ದು ಆ ಪುಸ್ತಕದಲ್ಲಿಯೇ. ನಾನು ತಿದ್ದುತ್ತಿದ್ದರೆ ಅವಳು ಪಕ್ಕದಲ್ಲಿ ಕುಳಿತು ಕಾಜ ಹೊಲಿಯುವುದನ್ನು ಅಭ್ಯಾಸ ಮಾಡುತ್ತಿದ್ದಳು. 'ಭ'ಕ್ಕೂ 'ಮ'ಕ್ಕೂ ನಾನು ವ್ಯತ್ಯಾಸ ತಪ್ಪಿದರೆ ಸೂಜಿಯಿಂದ ಕಣ್ಣು ತೆಗೆಯದೆಯೇ ತಿದ್ದುತ್ತಿದ್ದಳು.

ಹೊಲಿಗೆ ಕೈ ಹಿಡಿಯುತ್ತದೆ ಎಂದ ಅಪ್ಪಯ್ಯನ ಲೆಕ್ಕ ತಪ್ಪಲಿಲ್ಲ. ಆದರೆ ಅದು ಹಿಡಿದದ್ದು ಅಕ್ಕನ ಕೈಯನ್ನೋ ನನ್ನ ಕೈಯನ್ನೋ ಎಂಬುದು ಬೇರೆ ಮಾತು. 1974ರಲ್ಲಿ ಅಪ್ಪಯ್ಯ ತೀರಿಕೊಂಡರು. ನಾನಿನ್ನೂ ಎಸ್.ಎಸ್.ಎಲ್.ಸಿ. ಮುಗಿಸಿರಲಿಲ್ಲ. ಯಾರದೋ ಮನೆಯಿಂದ ಕಂತಿನ ಮೇಲೆ ತಂದ, ಕಾಲಿನಿಂದ ತುಳಿಯುವ ಹಳೆಯ ಹೊಲಿಗೆ ಯಂತ್ರವೊಂದು ನಮ್ಮ ನಡುಮನೆಯಲ್ಲಿ ಬಂದು ಕುಳಿತಿತು. ಗೌರಿ ಹಬ್ಬ ಮತ್ತು ದೀಪಾವಳಿಯ ಮುಂಚಿನ ದಿನಗಳಲ್ಲಿ ರಾತ್ರಿ ಹನ್ನೆರಡರವರೆಗೂ ಅದರ ಸದ್ದು ನಿಲ್ಲುತ್ತಿರಲಿಲ್ಲ. ಆ ಸದ್ದಿಲ್ಲದೆ ಓದಲು ಕುಳಿತರೆ ನನಗೆ ಓದು ಹತ್ತುತ್ತಿರಲಿಲ್ಲ. ನನ್ನ ಹಿಂದಿ ಪರೀಕ್ಷೆಗಳ ಶುಲ್ಕ, ಬಿ.ಎ. ಪದವಿ, ಹಿಂದಿ ಶಿಕ್ಷಕರ ತರಬೇತಿ, ಎಲ್ಲವೂ ಊರ ಹೆಂಗಸರ ರವಿಕೆಗಳಿಂದ ಬಂದವು. 1984ರಲ್ಲಿ ನನಗೆ ಕೆಲಸ ಸಿಕ್ಕಿತು. ಮರುವರ್ಷ ಅಕ್ಕನ ಮದುವೆ. ಆಗ ಅವಳಿಗೆ ಮೂವತ್ತೆರಡು. 'ಪ್ರವೀಣ' ಪರೀಕ್ಷೆಯನ್ನು ನಮ್ಮ ಮನೆಯಿಂದ ಪಾಸು ಮಾಡಿದವನು ನಾನು.

ಶಿಕ್ಷಕರ ತರಬೇತಿಯಲ್ಲಿ ಶಿಕ್ಷಣ ಆಯೋಗಗಳ ವರದಿಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ. 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಕೈಕೆಲಸವನ್ನೇ ಶಿಕ್ಷಣದ ನಡುವೆ ಇಟ್ಟರು. 1952–53ರ ಮುದಲಿಯಾರ್ ಆಯೋಗ ಪ್ರೌಢಶಾಲೆಯಲ್ಲಿ ತಾಂತ್ರಿಕ, ವಾಣಿಜ್ಯ, ಕೃಷಿ, ಗೃಹವಿಜ್ಞಾನವೆಂದು ಏಳು ಕವಲುಗಳನ್ನು ಸೂಚಿಸಿತು. ವಿವಿಧೋದ್ದೇಶ ಪ್ರೌಢಶಾಲೆಗಳು ಹುಟ್ಟಿದ್ದು ಅದರಿಂದಲೇ. 1964–66ರ ಕೊಠಾರಿ ಆಯೋಗ ಕಾರ್ಯಾನುಭವ ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದಕ್ಕೆ 'ಸಮಾಜೋಪಯೋಗಿ ಉತ್ಪಾದಕ ಕಾರ್ಯ' ಎಂಬ ಉದ್ದನೆಯ ಹೆಸರಿಟ್ಟಿತು. ಹೆಸರು ಎಷ್ಟೇ ಉದ್ದವಾಗಿರಲಿ, ನಾನು ಕಂಡ ಶಾಲೆಗಳಲ್ಲಿ ಆ ಅವಧಿಯನ್ನು ಗಣಿತದ ಪಾಠ ಮುಗಿಸದ ಮೇಷ್ಟ್ರು ತೆಗೆದುಕೊಳ್ಳುತ್ತಿದ್ದರು. ವ್ಯಾವಹಾರಿಕ ಶಿಕ್ಷಣವನ್ನು ಹೊಗಳದ ವರದಿಯೇ ಇಲ್ಲ. ಆದರೆ ಅದನ್ನು ಹೊಗಳಿದವರಾರೂ ತಮ್ಮ ಮಗನನ್ನು ಬಡಗಿ ಕೆಲಸದ ತರಗತಿಗೆ ಕಳುಹಿಸಿದ್ದನ್ನು ನಾನು ನೋಡಲಿಲ್ಲ. ಇನ್ನೊಂದು ತಮಾಷೆಯೆಂದರೆ, ಉಳ್ಳವರ ಮಕ್ಕಳಿಗೆ ಭಾಷೆಯೇ ಎಲ್ಲಕ್ಕಿಂತ ವ್ಯಾವಹಾರಿಕ ವಿಷಯವಾಗುವುದೂ ಉಂಟು. ನೂರಿಪ್ಪತ್ತೈದಕ್ಕೆ ನೂರಿಪ್ಪತ್ತೈದು ಬರುತ್ತದೆಂದು ಪ್ರಥಮ ಭಾಷೆಯಾಗಿ ಸಂಸ್ಕೃತವನ್ನು ಆರಿಸಿ, ಉತ್ತರಗಳನ್ನು ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆದು ಬರುವವರು ನಮ್ಮ ನಡುವೆ ಎಷ್ಟು ಮಂದಿಯಿಲ್ಲ! ಕಾಳಿದಾಸನ ಮೇಲಿನ ಪ್ರೀತಿಗಾಗಿ ಬಂದವರು ಬೆರಳೆಣಿಕೆಯಷ್ಟು.

ಈಗ ಹೇಳಲು ಹೊರಟಿರುವುದನ್ನು ನಾನು ಯಾರಿಗೂ ಹೇಳಿಲ್ಲ, ಅಕ್ಕನೊಬ್ಬಳನ್ನು ಬಿಟ್ಟು.

ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ನಮ್ಮ ಶಾಲೆಗೂ ಎನ್.ಎಸ್.ಕ್ಯೂ.ಎಫ್. ಯೋಜನೆ ಬಂದಿತು. ಒಂಬತ್ತನೆಯ ತರಗತಿಯಿಂದ ತೃತೀಯ ಭಾಷೆಯ ಬದಲಿಗೆ ಒಂದು ವೃತ್ತಿಪರ ವಿಷಯವನ್ನು ತೆಗೆದುಕೊಂಡು ಅದರಲ್ಲಿಯೇ ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆಯಬಹುದು. ಮಾಹಿತಿ ತಂತ್ರಜ್ಞಾನ, ಆಟೊಮೊಬೈಲ್, ರಿಟೇಲ್, ಸೌಂದರ್ಯ ಮತ್ತು ಸ್ವಾಸ್ಥ್ಯ, ಹೀಗೆ ಒಂದೊಂದು ಶಾಲೆಗೆ ಒಂದೆರಡು ವಿಷಯಗಳು. ನಮ್ಮ ಶಾಲೆಗೆ ಆಟೊಮೊಬೈಲ್ ಸಿಕ್ಕಿತು. ತೃತೀಯ ಭಾಷೆಯೆಂದರೆ ನಮ್ಮಲ್ಲಿ ಹಿಂದಿ, ಹಿಂದಿಯೆಂದರೆ ನಾನು. ಮಕ್ಕಳ ಸಂಖ್ಯೆ ಮೊದಲೇ ಇಳಿದಿತ್ತು. ಹಿಂದಿಯ ಅವಧಿಗಳು ಇನ್ನೂ ಕಡಿಮೆಯಾದರೆ ನನ್ನನ್ನು 'ಹೆಚ್ಚುವರಿ' ಎಂದು ಗುರುತಿಸಿ ಬೇರೆ ತಾಲ್ಲೂಕಿಗೆ ಕಳುಹಿಸುವ ಭಯ ನನಗೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮನೆ ಕಟ್ಟಿದ ಸಾಲವೂ ಇತ್ತು.

2017ರಲ್ಲಿ ಎಂಟನೆಯ ತರಗತಿ ಮುಗಿಸುತ್ತಿದ್ದವರಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ. ತಂದೆಯಿಲ್ಲ. ತಾಯಿ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಹುಡುಗ ಭಾನುವಾರಗಳಲ್ಲಿ ಬಸ್ ನಿಲ್ದಾಣದ ಪಕ್ಕದ ಗ್ಯಾರೇಜಿನಲ್ಲಿ ಇರುತ್ತಿದ್ದ. ನನ್ನ ಸ್ಕೂಟರು ಸದ್ದು ಮಾಡಿದರೆ ದೂರದಿಂದಲೇ ಕೇಳಿ, "ಸರ್, ಕ್ಲಚ್ ವೈರು ಸವೆದಿದೆ" ಎನ್ನುತ್ತಿದ್ದ. ಹಿಂದಿಯಲ್ಲಿ ಮಾತ್ರ ಅವನು ಹಿಂದೆ. ದಡ್ಡನಲ್ಲ. 'ರಾಮ್ ನೇ ರೋಟೀ ಖಾಯೀ' ಎಂದು ನಾನು ಕರಿಹಲಗೆಯ ಮೇಲೆ ಬರೆದ ದಿನ ಎದ್ದು ನಿಂತು, "ತಿಂದವನು ರಾಮ ಸರ್, ಕ್ರಿಯಾಪದ ಯಾಕೆ ರೊಟ್ಟಿಯ ಮಾತು ಕೇಳುತ್ತದೆ?" ಎಂದು ಕೇಳಿದವನು ಅವನೇ. ಮೂವತ್ತಮೂರು ವರ್ಷಗಳಲ್ಲಿ 'ನೇ' ಪ್ರತ್ಯಯವನ್ನು ಕುರಿತು ನನಗೆ ಬಂದ ಅತ್ಯುತ್ತಮ ಪ್ರಶ್ನೆಯದು. ಮೇಜು ಹೆಣ್ಣು, ಮಂಚ ಗಂಡು, 'ಈ'ಕಾರಾಂತವಾದರೂ ಮೊಸರು ಗಂಡು ಎಂಬ ಲಿಂಗವಿಚಾರ ಮಾತ್ರ ಅವನ ತಲೆಗೆ ಇಳಿಯಲೇ ಇಲ್ಲ. ಜಡವಸ್ತುಗಳನ್ನೆಲ್ಲ ನಪುಂಸಕಲಿಂಗದಲ್ಲಿ ಹಾಯಾಗಿ ಇಟ್ಟಿರುವ ಕನ್ನಡದ ಮಕ್ಕಳಿಗೆ ಅದು ಸುಲಭವೂ ಅಲ್ಲ.

ಅವನು ಆಟೊಮೊಬೈಲ್ ಪಟ್ಟಿಯಲ್ಲಿ ಹೆಸರು ಬರೆಸಿದ್ದ. ನಾನು ಅವನ ತಾಯಿಯನ್ನು ಕರೆಸಿದೆ. ಗ್ಯಾರೇಜಿನ ಕೆಲಸ ಅವನಿಗೆ ಗ್ಯಾರೇಜಿನಲ್ಲಿಯೇ ಬರುತ್ತದೆ, ಶಾಲೆಯಲ್ಲಿ ಕಲಿಯಬೇಕಾದ್ದು ಭಾಷೆಯನ್ನು ಎಂದೆ. ಹೊಸ ವಿಷಯ, ಗುತ್ತಿಗೆಯ ತರಬೇತುದಾರರು, ಇಂದು ಇದ್ದವರು ನಾಳೆ ಇರುತ್ತಾರೋ ಇಲ್ಲವೋ ಎಂದೂ ಹೇಳಿದೆ. ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೆ ಹೇಳಿಸಿದ್ದು ಮಾತ್ರ ನನ್ನ ವೇಳಾಪಟ್ಟಿ. "ನೀವು ಹೇಳಿದ್ಮೇಲೆ ಮುಗೀತು ಮೇಷ್ಟ್ರೇ, ನಂಗೇನು ತಿಳೀತದೆ" ಎಂದು ಆ ತಾಯಿ ಕೈ ಮುಗಿದಳು. ಹುಡುಗ ಬಾಗಿಲ ಬಳಿ ನಿಂತಿದ್ದ. ಅವನ ಹೆಸರನ್ನು ಆ ಪಟ್ಟಿಯಿಂದ ಹೊಡೆದು ಈ ಪಟ್ಟಿಗೆ ಬರೆದವನು ನಾನೇ. ಅವನಂತೆ ಇನ್ನೂ ನಾಲ್ವರನ್ನು ಉಳಿಸಿಕೊಂಡೆ. ಹೆಚ್ಚುವರಿಯಾಗಲಿಲ್ಲ.

2019ರ ಏಪ್ರಿಲ್ ಕೊನೆಯಲ್ಲಿ ಫಲಿತಾಂಶ ಬಂದಿತು. ಹುಡುಗ ಐದು ವಿಷಯಗಳಲ್ಲಿ ತೇರ್ಗಡೆಯಾಗಿದ್ದ. ಹಿಂದಿಯ ಲಿಖಿತ ಪರೀಕ್ಷೆಯಲ್ಲಿ ಎಂಬತ್ತಕ್ಕೆ ಕನಿಷ್ಠ ಇಪ್ಪತ್ತೆಂಟು ಬೇಕಾಗಿತ್ತು, ಅವನಿಗೆ ಬಂದದ್ದು ಹತ್ತೊಂಬತ್ತು. ಅವನು ಸೇರಬೇಕೆಂದಿದ್ದುದು ಐ.ಟಿ.ಐ.ಯ ಮೋಟಾರು ವಾಹನ ಮೆಕ್ಯಾನಿಕ್ ವಿಭಾಗಕ್ಕೆ. ಅದಕ್ಕೆ ಹತ್ತನೆಯ ತರಗತಿ ತೇರ್ಗಡೆಯಾಗಿರಬೇಕು. ಪೂರಕ ಪರೀಕ್ಷೆ ಕಟ್ಟಲು ಹೇಳಿ ಕಳುಹಿಸಿದೆ, ಶುಲ್ಕ ನಾನೇ ಕೊಡುತ್ತೇನೆಂದೆ, ಮನೆಗೆ ಬಂದರೆ ಪಾಠ ಹೇಳುತ್ತೇನೆಂದೆ. ಅವನು ಬರಲಿಲ್ಲ. ಮೇ ಮೂವತ್ತೊಂದರಂದು ನನಗೆ ಶಾಲು ಹೊದಿಸಿ ಹಾರ ಹಾಕಿದರು. ನೂರಾರು ಮಕ್ಕಳಿಗೆ ರಾಷ್ಟ್ರಭಾಷೆಯ ಬೆಳಕು ತೋರಿದವರು ಎಂದು ಯಾರೋ ಭಾಷಣ ಮಾಡಿದರು. ಹಿಂದಿ ರಾಷ್ಟ್ರಭಾಷೆಯಲ್ಲ, ಸಂವಿಧಾನದ ಪ್ರಕಾರ ಕೇಂದ್ರದ ಆಡಳಿತ ಭಾಷೆ ಎಂದು ನಾನು ಪ್ರತಿವರ್ಷ ಮಕ್ಕಳಿಗೆ ಹೇಳುತ್ತಿದ್ದವನು. ಅಂದು ತಿದ್ದುವ ಉತ್ಸಾಹವೂ ಇರಲಿಲ್ಲ.

ಆ ವರ್ಷ ನವರಾತ್ರಿಗೆ ಅಕ್ಕನ ಮನೆಗೆ ಹೋಗಿದ್ದಾಗ ಎಲ್ಲವನ್ನೂ ಹೇಳಿದೆ. ಅವಳ ಯಂತ್ರ ಈಗ ಬೇರೆಯದು, ಕೆಳಗೆ ಮೋಟಾರು ಕೂರಿಸಿದೆ. ಮೊಮ್ಮಗಳ ಲಂಗಕ್ಕೆ ಅಂಚು ಹೊಲಿಯುತ್ತಿದ್ದವಳು ನಿಲ್ಲಿಸಿದಳು. ನನ್ನನ್ನು ಸಮಾಧಾನಪಡಿಸುತ್ತಾಳೆ ಎಂದುಕೊಂಡಿದ್ದೆ.

"ಅಲ್ಲ ಮಾರಾಯ, ಆ ಹುಡುಗನನ್ನ ಕೇಳಿದ್ಯಾ ನೀನು?" ಎಂದಳು.

ಕೇಳಿರಲಿಲ್ಲ ಎಂದೆ. ಅವಳು ಮತ್ತೇನೂ ಹೇಳದೆ ಬಾಬಿನ್ ಬದಲಾಯಿಸತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ, ಹಿಂದಿ ಬೇಕಿತ್ತೆಂದು ನಿನಗೆ ಆಗ ಬಹಳ ದುಃಖವಾಗಿತ್ತೇ ಎಂದು ನಾನು ಕೇಳಿದೆ. ಐವತ್ತಮೂರು ವರ್ಷಗಳಲ್ಲಿ ಮೊದಲ ಸಲ ಕೇಳಿದ್ದು. "ದುಃಖ ಎಂಥದು? ಹೊಲಿಗೆ ನಂಗೆ ಇಷ್ಟವೇ ಇತ್ತು. ಅದನ್ನ ನಾನೇ ಹೇಳ್ತಿದ್ದೆನೋ ಏನೋ. ಅಪ್ಪಯ್ಯ ಹೇಳಕ್ಕೆ ಬಿಡಲಿಲ್ಲ" ಎಂದಳು.

ಹುಡುಗ 2023ರ ಬೇಸಿಗೆಯಲ್ಲಿ ಮನೆಗೆ ಬಂದ. ಪುಣೆಯ ಹತ್ತಿರ ಲಾರಿ ಗ್ಯಾರೇಜಿನಲ್ಲಿ ಕೆಲಸ, ತಾಯಿಯನ್ನೂ ಕರೆದುಕೊಂಡು ಹೋಗಿದ್ದಾನೆ. ಪ್ರಮಾಣಪತ್ರವಿಲ್ಲದ್ದರಿಂದ ಕಂಪನಿಯ ವರ್ಕ್‌ಶಾಪುಗಳಲ್ಲಿ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ದೂರಿನಂತೆ ಹೇಳಲಿಲ್ಲ, ಕೇಳಿದ್ದಕ್ಕೆ ಹೇಳಿದ. ಕಾಫಿ ಕುಡಿದು ಮುಗಿಸಿ, ನಗುತ್ತ, "ಸರ್, ಅಬ್ ತೋ ಮೇರಾ ಹಿಂದೀ ಬಹುತ್ ಅಚ್ಛಾ ಹೋ ಗಯಾ" ಎಂದ. ಹಿಂದಿಯಲ್ಲಿ 'ಹಿಂದೀ' ಸ್ತ್ರೀಲಿಂಗ. 'ಮೇರೀ' ಆಗಬೇಕು, 'ಅಚ್ಛೀ' ಆಗಬೇಕು, 'ಹೋ ಗಯೀ' ಆಗಬೇಕು. ಒಂದೇ ವಾಕ್ಯದಲ್ಲಿ ಮೂರು ತಪ್ಪು. ಹೌದಪ್ಪ, ಬಹಳ ಚೆನ್ನಾಗಿದೆ ಎಂದೆ. ಹೋಗುವಾಗ ಅಂಗಳದಲ್ಲಿ ನಿಂತಿದ್ದ ನನ್ನ ಸ್ಕೂಟರನ್ನು ಒಮ್ಮೆ ಚಾಲೂ ಮಾಡಿ ಕೇಳಿ, ಕಾರ್ಬ್ಯುರೇಟರು ಬಿಚ್ಚಿ ಶುಚಿ ಮಾಡಿಕೊಟ್ಟು ಹೋದ. ಹಣ ಮುಟ್ಟಲಿಲ್ಲ.

ಬೆಂಗಳೂರಿನ ವಿದ್ಯಾರ್ಥಿನಿಗೆ ನಾಳೆ ಫೋನ್ ಮಾಡುತ್ತೇನೆ. ಶಾಲೆಯವರು ಕೊಟ್ಟ ಹತ್ತು ದಿನಗಳಲ್ಲಿ ಇನ್ನೂ ಮೂರು ಉಳಿದಿವೆ. ಅವಳ ಬಳಿ ಮಾತನಾಡುವುದು ಹೆಚ್ಚೇನಿಲ್ಲ. ಫೋನನ್ನು ಮಗಳ ಕೈಗೆ ಕೊಡಮ್ಮ ಎನ್ನಬೇಕು.