ಲೋಟದ ಮೇಲೆ ತೆರಿಗೆ

ಜರ್ಮನಿಯ ನೈರುತ್ಯ ಭಾಗದಲ್ಲಿ, ನೆಕ್ಕರ್ ನದಿಯ ದಂಡೆಯ ಮೇಲೆ, ಟ್ಯೂಬಿಂಗೆನ್ ಎಂಬ ನಗರವಿದೆ. ಕನ್ನಡಿಗರಿಗೆ ಅದು ಪೂರ್ತಿ ಅಪರಿಚಿತವಾದ ಊರಲ್ಲ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ವಿದ್ಯಾಭ್ಯಾಸ ಮಾಡಿದ್ದು ಅಲ್ಲಿ. ನಿಘಂಟಿನ ಕಿಟ್ಟೆಲ್ ಪಂಡಿತರಿಗೆ 1896ರಲ್ಲಿ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿದ್ದು ಅಲ್ಲಿಯ ವಿಶ್ವವಿದ್ಯಾಲಯ; 1903ರಲ್ಲಿ ಅವರು ಕೊನೆಯುಸಿರೆಳೆದದ್ದೂ ಆ ಊರಿನಲ್ಲಿಯೇ.

1477ರಲ್ಲಿ ಸ್ಥಾಪಿತವಾದ ಆ ವಿಶ್ವವಿದ್ಯಾಲಯವೇ ಊರಿನ ಜೀವಾಳ. 90 ಸಾವಿರದಷ್ಟು ಜನರಿರುವ ನಗರದಲ್ಲಿ ವಿದ್ಯಾರ್ಥಿಗಳೇ 25 ಸಾವಿರಕ್ಕೂ ಮಿಕ್ಕಿದ್ದಾರೆ. ಮರದ ತೊಲೆಗಳು ಗೋಡೆಯ ಹೊರಗೇ ಕಾಣುವ ಹಳೆಯ ಮನೆಗಳು, ಕಲ್ಲು ಹಾಸಿದ ಓಣಿಗಳು, ಹೊಳೆಯಲ್ಲಿ ನೀಳವಾದ ಗಳುವನ್ನೂರಿ ನಡೆಸುವ ಚಪ್ಪಟೆ ದೋಣಿಗಳು. ಬೇಸಗೆಯ ಸಂಜೆ ದೊಡ್ಡ ಇಗರ್ಜಿಯ ಮೆಟ್ಟಿಲುಗಳ ಮೇಲೆ ತರುಣ ತರುಣಿಯರು ಸಾಲುಗಟ್ಟಿ ಕುಳಿತು ತಿನ್ನುತ್ತ ಹರಟುತ್ತಿರುತ್ತಾರೆ. ಓದುವ ಮಕ್ಕಳಿಗೆ ಅಡಿಗೆ ಮಾಡಿಕೊಳ್ಳಲು ಪುರುಸೊತ್ತೆಲ್ಲಿ? ಹಾದಿಯ ಅಂಗಡಿಯ ಬಿಸಿ ತಿಂಡಿಯೇ ಅವರಿಗೆ ಗತಿ. ಆದರೆ ತಿಂಡಿ ಹೊಟ್ಟೆ ಸೇರಿದ ಮೇಲೆ ಕಾಗದದ ಲೋಟ, ಡಬ್ಬಿ, ಚಮಚಗಳು ಬೀದಿಯ ಪಾಲಾಗುತ್ತಿದ್ದವು. ಲಾಭ ಅಂಗಡಿಯವನದು, ಗುಡಿಸುವ ಖರ್ಚು ಊರಿನದು.

ಇದಕ್ಕೆ ನಗರಸಭೆ ಕಂಡುಕೊಂಡ ಉಪಾಯವು 2022ರ ಜನವರಿ 1ರಂದು ಜಾರಿಗೆ ಬಂದಿತು. ಒಮ್ಮೆ ಬಳಸಿ ಬಿಸಾಡುವ ಪ್ರತಿಯೊಂದು ಲೋಟ ಅಥವಾ ಬಟ್ಟಲಿಗೆ 50 ಸೆಂಟು, ಚಮಚ ಮುಳ್ಳುಗಳಿಗೆ 20 ಸೆಂಟು ತೆರಿಗೆ, ತೆರಬೇಕಾದವನು ಮಾರುವವನು. ತೊಳೆದು ಬಳಸುವ ಪಾತ್ರೆಗಳನ್ನು ಕೊಳ್ಳುವ ಅಂಗಡಿಗಳಿಗೆ ನಗರಸಭೆಯೇ ಸಹಾಯಧನವನ್ನೂ ಕೊಟ್ಟಿತು.

ಊರಿನ ಮೆಕ್‌ಡೊನಾಲ್ಡ್ಸ್ ಉಪಾಹಾರಗೃಹವನ್ನು ನಡೆಸುವವರು ನ್ಯಾಯಾಲಯದ ಮೆಟ್ಟಿಲೇರಿದರು. ಅವರಿಗೆ ಆಧಾರವಿಲ್ಲದೆ ಇರಲಿಲ್ಲ. ಕಾಸೆಲ್ ನಗರವು ಹಿಂದೆ ಹಾಕಿದ್ದ ಇಂತಹದೇ ತೆರಿಗೆಯನ್ನು ಜರ್ಮನಿಯ ಸಂವಿಧಾನ ನ್ಯಾಯಾಲಯವು 1998ರಲ್ಲಿ ರದ್ದುಗೊಳಿಸಿತ್ತು. ವಾದವೇನೋ ಸ್ವಾರಸ್ಯವಾಗಿತ್ತು. ಇಂತಹ ತೆರಿಗೆಯನ್ನು ಊರಿನೊಳಗೆ ಮುಗಿಯುವ ಭೋಗದ ಮೇಲೆ ಮಾತ್ರ ಹಾಕಬಹುದು. ಕಟ್ಟಿಸಿಕೊಂಡು ಹೋದ ತಿಂಡಿಯನ್ನು ಗಿರಾಕಿಯು ಊರಿನ ಗಡಿಯಾಚೆ ಬಿಚ್ಚಿದರೆ? 2022ರಲ್ಲಿ ಮಾನ್‌ಹೈಮಿನ ನ್ಯಾಯಾಲಯ ಈ ಮಾತನ್ನು ಒಪ್ಪಿ ತೆರಿಗೆಯನ್ನು ಅಸಿಂಧುವೆಂದಿತು. ನಗರಸಭೆ ಬಿಡದೆ ಲೈಪ್‌ಜಿಗ್ಗಿನ ಮೇಲಿನ ನ್ಯಾಯಾಲಯಕ್ಕೆ ಹೋಯಿತು. ಕೂಡಲೇ ತಿನ್ನಲೆಂದು ಕೊಂಡ ತಿಂಡಿಯನ್ನು ಯಾರೂ ದೂರ ಒಯ್ಯುವುದಿಲ್ಲ, ಸಾಮಾನ್ಯವಾಗಿ ಆ ಊರಿನಲ್ಲಿಯೇ ತಿಂದು ಮುಗಿಸುತ್ತಾರೆ ಎಂಬ ನ್ಯಾಯವು 2023ರ ಮೇ ತಿಂಗಳಲ್ಲಿ ಅಲ್ಲಿ ಗೆದ್ದಿತು. ಆರಿದ ತಿಂಡಿಯ ರುಚಿಯನ್ನು ಬಲ್ಲ ಯಾವ ಗೃಹಿಣಿಯಾದರೂ ಇದನ್ನು ಒಂದು ಕ್ಷಣದಲ್ಲಿ ಹೇಳಿಬಿಡುತ್ತಿದ್ದಳು! ಸಂವಿಧಾನ ನ್ಯಾಯಾಲಯವೂ ನಗರದ ಪರವಾಗಿಯೇ ನಿಂತ ಸುದ್ದಿ 2025ರ ಜನವರಿಯಲ್ಲಿ ಹೊರಬಿದ್ದಿತು. ಅದೇ ತಿಂಗಳಿನಿಂದ ಕೋನ್‌ಸ್ಟಾನ್ಸ್ ನಗರವೂ ಇಂತಹ ತೆರಿಗೆಯನ್ನು ಆರಂಭಿಸಿತು.

ಗೆಲುವು ಪೂರ್ಣವೆನ್ನುವಂತಿಲ್ಲ. ತೆರಿಗೆ ಬಂದ ಮೇಲೆ ಬೀದಿಯ ತೊಟ್ಟಿಗಳ ಕಸವನ್ನು ತೂಗಿ ನೋಡಿದಾಗ ಹೇಳಿಕೊಳ್ಳುವಂತಹ ಇಳಿತ ಕಾಣಲಿಲ್ಲ. ಕಾಗದದ ಲೋಟದ ತೂಕವಾದರೂ ಎಷ್ಟು? ಅದು ತುಂಬುವುದು ಸ್ಥಳವನ್ನು, ತಕ್ಕಡಿಯನ್ನಲ್ಲ. ತೆರಿಗೆಯನ್ನು ಗಿರಾಕಿಯ ಲೆಕ್ಕಕ್ಕೇ ಸೇರಿಸಿ ಸುಮ್ಮನಾದ ಅಂಗಡಿಗಳೂ ಉಂಟು. ಆದರೆ ಮುಂಗಡ ಹಣವಿರಿಸಿಕೊಂಡು ಗಟ್ಟಿ ಬಟ್ಟಲಿನಲ್ಲಿ ತಿಂಡಿ ಕೊಟ್ಟು, ಬಟ್ಟಲು ಮರಳಿ ಬಂದಾಗ ಹಣವನ್ನು ಹಿಂದಿರುಗಿಸುವ ಅಂಗಡಿಗಳು ಹೆಚ್ಚಿದವು. ಬೆಂಗಳೂರಿನ ದರ್ಶಿನಿಯಲ್ಲಿ ನಿಂತು ಉಕ್ಕಿನ ಲೋಟದಲ್ಲಿ ಕಾಫಿ ಕುಡಿಯುವವರಿಗೆ ಇದರಲ್ಲಿ ಹೊಸತೇನೂ ಕಾಣದು.

ಟ್ಯೂಬಿಂಗೆನ್ನಿನ ಇಗರ್ಜಿಯ ಮೆಟ್ಟಿಲುಗಳ ಮೇಲೆ ಸಂಜೆಯ ಹರಟೆ ಈಗಲೂ ಮೊದಲಿನಂತೆಯೇ ನಡೆಯುತ್ತದೆ. ತಿಂದು ಎದ್ದವರಲ್ಲಿ ಕೆಲವರು ಮಾತ್ರ ಖಾಲಿ ಬಟ್ಟಲನ್ನು ಕೈಯಲ್ಲಿ ಹಿಡಿದು, ಬಂದ ದಾರಿಯಲ್ಲೇ ಅಂಗಡಿಗೆ ಹಿಂದಿರುಗುತ್ತಾರೆ.